ಕುಕ್ಕುಟನಿರ್ಣಯ ಅಥವಾ ಗ್ಯಾಲಿಯಂ ನಾಮಮೀಮಾಂಸೆ

ಉಪೋದ್ಘಾತ: ಗಂಧಕದ ಹೆಸರಿಗಾಗಿ ಯಾರೂ ಜಗಳ ಕಾದಿಲ್ಲ. ಗ್ಯಾಲಿಯಂ ಬೆನ್ನಿಗೆ ಮಾತ್ರ ಒಂದು ಹುಂಜ ಬಿದ್ದಿದೆ. ಆ ಹುಂಜ ಉಂಟೋ ಇಲ್ಲವೋ ಎಂಬುದೇ ಇಲ್ಲಿನ ವಿಚಾರ.

ವಿಷಯ: 1875ರಲ್ಲಿ ಫ್ರಾನ್ಸಿನ ಲೆಕಾಕ್ ದ ಬ್ವಾಬೋದ್ರಾನ್ ಮಹಾಶಯರು ಪಿರನೀಸ್ ಬೆಟ್ಟದ ಸತುವಿನ ಅದಿರನ್ನು ರೋಹಿತದರ್ಶಕದಲ್ಲಿ ಪರೀಕ್ಷಿಸುವಾಗ, ಅದುವರೆಗೆ ಯಾರೂ ಕಾಣದ ಎರಡು ನೇರಳೆ ಗೆರೆಗಳು ಕಂಡವು. ಹೊಸ ಧಾತುವಿಗೆ ತಮ್ಮ ನಾಡಿನ ಲ್ಯಾಟಿನ್ ಹೆಸರಾದ ಗಾಲಿಯಾದಿಂದ ಗ್ಯಾಲಿಯಂ ಎಂದು ಹೆಸರಿಟ್ಟರು.

ಪೂರ್ವಪಕ್ಷ: ಕುಕ್ಕುಟವಾದಿಗಳು ಒಪ್ಪುವುದಿಲ್ಲ. ಫ್ರೆಂಚಿನಲ್ಲಿ 'ಲ ಕಾಕ್' ಎಂದರೆ ಹುಂಜ. ಲ್ಯಾಟಿನ್ನಿನಲ್ಲಿ ಹುಂಜ ಎಂದರೆ 'ಗಾಲಸ್'. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ. ಎಲ್ಲೆಲ್ಲಿ ಲೆಕಾಕೋ ಅಲ್ಲಲ್ಲಿ ಕೋಳಿ. ದೇಶಭಕ್ತಿಯ ಪಂಜರದೊಳಗೆ ಮನೆತನದ ಹುಂಜವನ್ನೇ ಕೂಡಿದ್ದಾರೆ.

ಉತ್ತರಪಕ್ಷ: ಲೆಕಾಕರೇ 1877ರಲ್ಲಿ ಇದನ್ನು ಬರೆದು ಅಲ್ಲಗಳೆದರು. ಆಪ್ತವಾಕ್ಯಕ್ಕಿಂತ ಪ್ರಮಾಣ ಬೇಕೆ? ಬೇಕು, ಎನ್ನುತ್ತಾರೆ ಎದುರಾಳಿಗಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರನ್ನು ನಂಬುವುದು ಹೇಗೆ?

ಮೂರನೆಯ ಪಕ್ಷ: ಇವರಿಬ್ಬರೂ ಸುಮ್ಮನಿರಲಿ, ಲೋಹ ನಮ್ಮದು ಎನ್ನುವವರೂ ಇದ್ದಾರೆ. ರಷ್ಯಾದ ಮೆಂಡಲೀವ್ 1871ರಲ್ಲೇ ಇದರ ಜಾತಕ ಬರೆದು ಸಂಸ್ಕೃತದ 'ಏಕ' ಸೇರಿಸಿ ಏಕ-ಅಲ್ಯುಮಿನಿಯಂ ಎಂದಿದ್ದರು. ಕೈಯಲ್ಲಿ ಹಿಡಿದ ಲೆಕಾಕ್ ಸಾಂದ್ರತೆ 4.7 ಎಂದರು, ಕಣ್ಣಲ್ಲೂ ಕಾಣದ ಮೆಂಡಲೀವ್ 6ರ ಹತ್ತಿರ ಇರಬೇಕು, ಇನ್ನೊಮ್ಮೆ ನೋಡಿ ಎಂದರು. ಶುದ್ಧಗೊಳಿಸಿ ತೂಗಿದರೆ 5.9! ಹೀಗಾಗಿ ಎಲ್ಲವೂ ನಮ್ಮವರಿಗೆ ಮೊದಲೇ ಗೊತ್ತಿತ್ತು ಎಂಬುದು ಇವರ ವಾದ. ಪರಿಹಾರ: ನಮ್ಮದು ಏಕ ಮಾತ್ರ, ಅಲ್ಯುಮಿನಿಯಂ ಪರರದು.

ಸಿದ್ಧಾಂತ: ಲ್ಯಾಟಿನ್ನಿನಲ್ಲಿ ಗಾಲಸ್ ಎಂದರೆ ಗಾಲ್ ನಾಡಿನವನೂ ಹೌದು, ಹುಂಜವೂ ಹೌದು. ಫ್ರಾನ್ಸಿನ ಲಾಂಛನಕ್ಕೆ ಹುಂಜ ಹಾರಿ ಬಂದದ್ದೂ ಈ ಶ್ಲೇಷದ ರೆಕ್ಕೆಯಿಂದಲೇ. ಆದ್ದರಿಂದ ನಾಡನ್ನು ಹೆಸರಿಸಿದವನು ಬೇಡವೆಂದರೂ ಹುಂಜವನ್ನು ಹೆಸರಿಸಿಯೇ ಇರುತ್ತಾನೆ. 29.76 ಡಿಗ್ರಿ ಸೆಲ್ಸಿಯಸ್‌ಗೇ ಕರಗಿ ಅಂಗೈಯಲ್ಲಿ ಹರಿದಾಡುವ ಲೋಹದ ಹೆಸರು ಒಂದೇ ಅರ್ಥದಲ್ಲಿ ಗಟ್ಟಿಯಾಗಿ ನಿಲ್ಲಬೇಕೆನ್ನುವುದೇ ಅವಿವೇಕ.

ಫಲಶ್ರುತಿ: ಇದನ್ನು ಶ್ರದ್ಧೆಯಿಂದ ಓದಿದವರು ಧಾತು ಕಂಡುಹಿಡಿಯುವ ಮುನ್ನ ಮನೆತನದ ಹೆಸರನ್ನು ಲ್ಯಾಟಿನ್ ನಿಘಂಟಿನಲ್ಲಿ ನೋಡಿಕೊಳ್ಳುವರು. ಓದದವರಿಗೂ ದೋಷವಿಲ್ಲ, ಅವರ ಮನೆಯ ಎಲ್‌ಇಡಿ ಬಲ್ಬಿನೊಳಗೆ ಗ್ಯಾಲಿಯಂ ನೈಟ್ರೈಡ್ ಕೂತಿದೆ. ಅಜ್ಜಿಯ ಕೋಳಿ ಕೂಗದಿದ್ದರೂ ಬೆಳಗಾಗುತ್ತದೆ, ನಿಜ. ಈ ಹುಂಜವಿಲ್ಲದೆ ಮಾತ್ರ ಆ ಬಲ್ಬು ಬೆಳಗುವುದಿಲ್ಲ.