ಶ್ರೀಮಾನ್ 38 ತಿಂಗಳ ಹಿಂಬಾಕಿ ಅವರಿಗೊಂದು ಬಹಿರಂಗ ಪತ್ರ

ಶ್ರೀಮಾನ್ 38 ತಿಂಗಳ ಹಿಂಬಾಕಿ ಅವರಿಗೆ,
ಸಾರಿಗೆ ನಿಗಮಗಳ ಕಡತದೊಳಗೆ, ಬೆಂಗಳೂರು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಬಸ್ ಪ್ರಯಾಣಿಕರ ಶರಣು ಶರಣಾರ್ಥಿ. ತಾವು ಕಡತದಲ್ಲಿ ಬೆಚ್ಚಗಿದ್ದೀರಿ ಎಂಬುದು ಇಲ್ಲಿನ ಕಂಡಕ್ಟರುಗಳ ಮುಖ ನೋಡಿದರೇ ತಿಳಿಯುತ್ತದೆ.

ತಮ್ಮ ಜಾತಕ ಎಲ್ಲರಿಗೂ ಗೊತ್ತು. ಸಾರಿಗೆ ನೌಕರರ ವೇತನ ಪರಿಷ್ಕರಣೆ ಆಗಬೇಕಿದ್ದದ್ದು 2020ರ ಜನವರಿ 1ಕ್ಕೆ. ಮೂಲ ವೇತನದ ಮೇಲೆ ಶೇ 15ರ ಏರಿಕೆ ಕೈಗೆ ಸಿಕ್ಕಿದ್ದು 2023ರ ಮಾರ್ಚ್ 1ರಿಂದ. ನಡುವೆ ಉಳಿದ 38 ತಿಂಗಳೇ ತಾವು. ನಾಲ್ಕು ನಿಗಮಗಳ ಲೆಕ್ಕ ಕೂಡಿಸಿದರೆ ತಮ್ಮ ತೂಕ 1,700 ಕೋಟಿ ರೂಪಾಯಿಗೂ ಮಿಕ್ಕಿ. ಮುಧೋಳ ಸೀಮೆಗೆ ತಾವೇನೂ ಹೊಸಬರಲ್ಲ. ಕಬ್ಬಿನ ಬಾಕಿ ಎಂಬ ತಮ್ಮ ದಾಯಾದಿ ಇಲ್ಲಿಯ ರೈತರ ಮನೆಗಳಲ್ಲಿ ಎಷ್ಟೋ ವರ್ಷ ಠಿಕಾಣಿ ಹೂಡಿದ್ದಾರೆ.

ಹಿಂಬಾಕಿಯವರೇ, ತಮ್ಮ ನಿಜವಾದ ಕಸುಬು ಕೂಡಿ ಕೆಲಸ ಮಾಡುವವರನ್ನು ಒಡೆಯುವುದು. 2021ರ ಏಪ್ರಿಲ್ 7ರಂದು ಆರನೇ ವೇತನ ಆಯೋಗದ ಸಂಬಳ ಕೇಳಿ ನೌಕರರ ಕೂಟ ಮುಷ್ಕರ ಹೂಡಿದಾಗ ತಾವಿನ್ನೂ ಎಳಸು. ಆದರೂ ಕೈಚಳಕ ತೋರಿಸಿದಿರಿ. ನೌಕರರದೇ ಹಳೆಯ ಸಂಘಟನೆಯಾದ ಫೆಡರೇಷನ್ ಹೊರಗೇ ಉಳಿಯಿತು. ಯುಗಾದಿಯ ಹೊತ್ತಿಗೆ ಡ್ಯೂಟಿಗೆ ಬಂದವರಿಗೆ ಮಾರ್ಚ್ ಸಂಬಳ, ಬಾರದವರ ಹೆಂಡಿರು ಮಕ್ಕಳಿಗೆ ಬೀದಿಯಲ್ಲಿ ಬಡಿಯಲು ತಟ್ಟೆ-ಲೋಟ. ಸರ್ಕಾರಿ ನಿಲ್ದಾಣದೊಳಗೆ ಖಾಸಗಿ ಬಸ್ಸುಗಳು ಬಂದು ನಿಂತವು.

ಏಪ್ರಿಲ್ 16ರಂದು ಜಮಖಂಡಿ ತಾಲ್ಲೂಕಿನಲ್ಲಿ ಡ್ಯೂಟಿಯ ಮೇಲಿದ್ದ ಬಸ್ಸಿನತ್ತ ಕಲ್ಲು ತೂರಿ ಬಂತು. ಚಾಲಕ ತೀರಿಕೊಂಡರು. ಈ ಒಂದು ಸಾಲಿನಲ್ಲಿ ವಿನೋದವಿಲ್ಲ. ಅದಾದ ಐದು ದಿನಕ್ಕೆ ಮುಷ್ಕರ ಮುಗಿಯಿತು.

ಉಳಿತಾಯದ ವಿದ್ಯೆಯಲ್ಲೂ ನಿಗಮಗಳು ಪಳಗಿವೆ. ‘ಚಾಲಕ ಕಂ ನಿರ್ವಾಹಕ’ ಎಂಬ ಹುದ್ದೆ ಹುಟ್ಟಿತು: ಸ್ಟೇರಿಂಗೂ ಅವರದೇ, ಟಿಕೆಟ್ ಮಷೀನೂ ಅವರದೇ. ಆಮೇಲೆ ಹೊರಗುತ್ತಿಗೆ ಚಾಲಕರು ಬಂದರು. ಗಾಡಿ ಅದೇ, ತಗ್ಗು-ದಿಣ್ಣೆ ಅವೇ, ಪಗಾರ ಬೇರೆ. 2023ರ ಜೂನ್ 11ರಿಂದ ಮಹಿಳೆಯರ ಉಚಿತ ಪ್ರಯಾಣದ ‘ಶಕ್ತಿ’ಯೂ ಸೇರಿ, ಬನಹಟ್ಟಿ ನಿಲ್ದಾಣದಲ್ಲಿ ಬಾಗಿಲು ತೆರೆಯುವ ಮೊದಲೇ ಕಿಟಕಿಯಿಂದ ಟವೆಲ್, ಚೀಲಗಳು ಸೀಟು ಹಿಡಿಯುತ್ತವೆ. ಮೈಗೆ ಮೈ ತಾಗುವ ಗದ್ದಲದಲ್ಲಿ “ಒಳಗ ಸರೀರಿ ಅಕ್ಕಾರ” ಎನ್ನುತ್ತ ಶೂನ್ಯ ಟಿಕೆಟ್ ಹರಿದು ಕೊಡುವ ಕಂಡಕ್ಟರ್, ರಾತ್ರಿ ವಸ್ತಿ ಗಾಡಿಯ ಹಿಂದಿನ ಸೀಟಿನಲ್ಲಿ ಕ್ಯಾಶ್ ಬ್ಯಾಗನ್ನೇ ತಲೆದಿಂಬು ಮಾಡಿಕೊಂಡು ಮಲಗುತ್ತಾರೆ.

ಒಂದೇ ಕೆಲಸದವರಲ್ಲಿ ಭೇದ ಮಾಡುವ ಈ ಜಗಳ ಆಕಾಶದಲ್ಲೂ ನಡೆದಿತ್ತು. 2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಕ್ಯಾಬಿನ್ ಸಿಬ್ಬಂದಿ, ವಿಲೀನದ ಪ್ರಕ್ರಿಯೆ ನಡೆದಿರುವಾಗ ತಮ್ಮವರಲ್ಲೇ ಭೇದ ಮಾಡುತ್ತಿದ್ದಾರೆಂದು ದೂರಿ, ನೂರಾರು ಮಂದಿ ಒಟ್ಟಿಗೇ ‘ಹುಷಾರಿಲ್ಲ’ ಎಂದರು. ವಿಮಾನಗಳು ರದ್ದಾದವು, ವಜಾ ಆದವರನ್ನು ಕೆಲವೇ ದಿನಗಳಲ್ಲಿ ವಾಪಸು ತೆಗೆದುಕೊಂಡರು. ಬೀಳಗಿಯ ಬಸ್ ತಪ್ಪಿದರೆ ಸುದ್ದಿವಾಹಿನಿ ಬರುವುದಿಲ್ಲ, ಟಂಟಂ ಬರುತ್ತದೆ.

2025ರ ಆಗಸ್ಟ್ 5ರಂದು ತಮ್ಮ ಸಲುವಾಗಿಯೇ ಮತ್ತೆ ಮುಷ್ಕರ. ಈ ಸಲ ಕರೆ ಕೊಟ್ಟವರು 2021ರಲ್ಲಿ ಹೊರಗುಳಿದವರು. ಸರ್ಕಾರ 14 ತಿಂಗಳದ್ದು ಕೊಡುತ್ತೇವೆ ಎಂದಿತು, ಹೈಕೋರ್ಟ್ ಗದರಿಸಿತು, ಅದೇ ದಿನ ಗಾಡಿಗಳು ಮತ್ತೆ ರಸ್ತೆಗಿಳಿದವು. ಅಂದಿನ ಲೆಕ್ಕದಲ್ಲಿ ಉಳಿದ 24 ತಿಂಗಳು ಯಾರ ಜೇಬಿನದು ಎಂಬುದನ್ನು ತಾವೇ ಹೇಳಬೇಕು.

ತಾವು ಖುದ್ದಾಗಿ ಈ ಕಡೆ ದಯಮಾಡಿಸಬೇಕೆಂಬುದು ಪ್ರಯಾಣಿಕರ ಬಿನ್ನಹ. ಬಸ್ಸಿನಲ್ಲೇ ಬನ್ನಿ. ಟಿಕೆಟಿಗೆ ಮಾತ್ರ ದುಡ್ಡು ಸ್ವಲ್ಪ ಹೆಚ್ಚಿಗೆ ಇಟ್ಟುಕೊಳ್ಳಿ. ದರವೂ ಶೇ 15ರಷ್ಟೇ ಏರಿದೆ: 2025ರ ಜನವರಿ 2ಕ್ಕೆ ಸಂಪುಟದ ಒಪ್ಪಿಗೆ, 5ಕ್ಕೆ ಜಾರಿ. ಅದಕ್ಕೆ 38 ತಿಂಗಳು ಬೇಕಾಗಲಿಲ್ಲ.

ಇಂತಿ,
ನಿಲ್ದಾಣದಲ್ಲಿ ಕಾಯುತ್ತಿರುವವರು