ಸಿವಂಗಿಗೆ ಹೊಸ ಮನೆ: ಬಳಕೆಯ ಕೈಪಿಡಿ

ಪೆಟ್ಟಿಗೆ ತೆರೆಯುವ ಮೊದಲು

ಕಾಡಿನಿಂದ ಕಳೆದುಹೋದ ಪ್ರಾಣಿಯನ್ನು ಮತ್ತೆ ತರಿಸಿಕೊಂಡಿದ್ದೀರಿ, ಅಭಿನಂದನೆಗಳು. ಪೆಟ್ಟಿಗೆಯೊಳಗೆ ಇರುವುದು ಯಾವುದೆಂದು ಮೊದಲು ಖಾತ್ರಿ ಮಾಡಿಕೊಳ್ಳಿ. ನಮ್ಮೂರ ನಾಯಿ ಹೊತ್ತೊಯ್ಯುವ ಚಿರತೆ ಅಲ್ಲ ಇದು, ಚೀತಾ. ಕನ್ನಡದಲ್ಲಿ ಹಿಂದೆ ಸಿವಂಗಿ ಎನ್ನುತ್ತಿದ್ದರು. 1952ರಲ್ಲಿ ಪ್ರಾಣಿ ಭಾರತದಿಂದ ಅಳಿಯಿತೆಂದು ಸರ್ಕಾರ ಘೋಷಿಸಿತು. ಹೆಸರು ನಿಘಂಟು ಸೇರಿಕೊಂಡಿತು. ಹೊರಗಿನ ಚಿತ್ರವನ್ನಂತೂ ನಂಬಲೇಬೇಡಿ. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಎಂಟು ಚೀತಾಗಳನ್ನು ಗ್ವಾಲಿಯರಿಗೆ ಹೊತ್ತು ತಂದ ವಿಮಾನದ ಮೂತಿಯ ಮೇಲಿದ್ದದ್ದು ಹುಲಿಯ ಮುಖ.

ಪ್ರಯಾಣದಲ್ಲಿ ಊಟ ಕೊಡಬೇಡಿ, ವಾಂತಿ ಮಾಡಿಕೊಳ್ಳುತ್ತದೆ. ಘಾಟಿ ರಸ್ತೆಯ ಬಸ್ಸು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜೋಡಣೆ

ಇಳಿಸಿದ ಕೂಡಲೇ ಕಾಡಿಗೆ ಬಿಡಬೇಡಿ. ಮೊದಲು ಚಿಕ್ಕ ಬೇಲಿ, ಆಮೇಲೆ ದೊಡ್ಡ ಬೇಲಿ, ಕೊನೆಗೆ ಕಾಡು. ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ, ಎಲ್ಲಿ ಹೋಯಿತೆಂದು ತಿಳಿಯುತ್ತದೆ. ಇಷ್ಟರವರೆಗೆ ಎಲ್ಲ ಕೈಪಿಡಿಗಳೂ ಸರಿಯಾಗಿಯೇ ಹೇಳುತ್ತವೆ.

ಹೇಳದೆ ಬಿಟ್ಟದ್ದು ಒಂದಿದೆ: ಪ್ರಾಣಿಯ ಮೈಯೊಳಗೊಂದು ಪಂಚಾಂಗ ಇರುತ್ತದೆ, ಅದನ್ನು ಬದಲಿಸುವ ಗುಂಡಿ ಇಲ್ಲ. ನಮೀಬಿಯಾ ಇರುವ ಆಫ್ರಿಕಾದ ದಕ್ಷಿಣ ಭಾಗದಲ್ಲಿ ಜೂನ್, ಜುಲೈ ಎಂದರೆ ಚಳಿಗಾಲ. ಮಧ್ಯಪ್ರದೇಶದ ಕುನೊ ಕಾಡಿಗೆ ಬಂದ ಚೀತಾಗಳ ಮೈಯೂ ಹಳೆಯ ಲೆಕ್ಕದಂತೆ ಚಳಿಗಾಲದ ದಪ್ಪ ತುಪ್ಪಳ ಬೆಳೆಸತೊಡಗಿತು. ಇಲ್ಲಿ ಮಾತ್ರ ಸುರಿಯುತ್ತಿದ್ದದ್ದು ಮುಂಗಾರು. ಪಟ್ಟಿಯ ಕೆಳಗಿನ ಕೂದಲು ಒದ್ದೆಯಾಗಿಯೇ ಉಳಿಯಿತು. ಕೆರೆದಲ್ಲಿ ಗಾಯ, ಗಾಯಕ್ಕೆ ನೊಣ, ನೊಣದಿಂದ ಹುಳ, ಹುಳದಿಂದ ರಕ್ತಕ್ಕೆ ನಂಜು. 2023ರ ಆ ಮಳೆಗಾಲದಲ್ಲಿ ಚೀತಾಗಳು ಸತ್ತದ್ದು ಹೀಗೆ. ಅದಕ್ಕೂ ಮುಂಚೆ, ಮೇ ತಿಂಗಳ ಬಿಸಿಲಿಗೆ, ಅಲ್ಲೇ ಹುಟ್ಟಿದ ನಾಲ್ಕು ಮರಿಗಳಲ್ಲಿ ಮೂರು ಹೋಗಿದ್ದವು. ಉಳಿದ ಒಂದು ಹೆಣ್ಣುಮರಿಯನ್ನು ಮನುಷ್ಯರೇ ಸಾಕಿದರು. ಹೆಸರು ಮುಖಿ. 2025ರ ನವೆಂಬರಿನಲ್ಲಿ ಅವಳೇ ಐದು ಮರಿ ಹಾಕಿದಳು. ಇದನ್ನೂ ಕೈಪಿಡಿಯಲ್ಲಿ ಬರೆದುಕೊಳ್ಳಿ, ಬರೀ ಸಾವಿನ ಲೆಕ್ಕ ಬರೆದರೆ ಮೋಸವಾಗುತ್ತದೆ.

ಹೆಸರಿಡುವಾಗಲೂ ಎಚ್ಚರ. ಓಬಾನ್ ಎಂಬ ಗಂಡು ಚೀತಾ ಕಾಡಿನ ಎಲ್ಲೆ ದಾಟಿ ಹಳ್ಳಿಯ ಹೊಲಕ್ಕೆ ಹೋಗಿ ಕೂತಿತು. ಅದಕ್ಕೆ ಪವನ್ ಎಂದು ಮರುನಾಮಕರಣ ಮಾಡಿದರು. ಗಾಳಿ ಎಂದು ಕರೆದ ಮೇಲೆ ಕೂತಲ್ಲಿ ಕೂರು ಎಂದರೆ ಹೇಗೆ?

ದೋಷ ಪರಿಹಾರ: ಪ್ರಾಣಿ ತವರಿಗೆ ಹೊರಟರೆ

ಇದಕ್ಕೆ ಮಧ್ಯಪ್ರದೇಶದ್ದೇ ಆದ ಪನ್ನಾ ಕಾಡಿನ ಹುಲಿಯನ್ನು ನೋಡಿ. ಅಲ್ಲಿ ಹುಲಿಸಂತತಿ ನಾಶವಾಗಿ, 2009ರ ಮಾರ್ಚಿನಲ್ಲಿ ಬಾಂಧವಗಢದಿಂದ ಒಂದು, ಕಾನ್ಹಾದಿಂದ ಒಂದು ಹೆಣ್ಣನ್ನು ತಂದರು. ನವೆಂಬರಿನಲ್ಲಿ ಪೆಂಚ್‌ನಿಂದ ಟಿ-3 ಎಂಬ ಗಂಡು ಬಂತು, ಮನೆ ಅಳಿಯನಾಗಿ. ಅಳಿಯನಿಗೆ ಅತ್ತೆಮನೆ ಹಿಡಿಸಲಿಲ್ಲ. ಕೆಲವೇ ದಿನಗಳಲ್ಲಿ ದಕ್ಷಿಣಕ್ಕೆ, ಅಂದರೆ ನೆಟ್ಟಗೆ ಪೆಂಚ್‌ನ ದಿಕ್ಕಿಗೆ ನಡೆಯತೊಡಗಿತು. ಹೊಲ, ರಸ್ತೆ, ಊರು ಯಾವುದನ್ನೂ ಲೆಕ್ಕಿಸಲಿಲ್ಲ. ಸುಮಾರು 70 ಸಿಬ್ಬಂದಿ, 4 ಆನೆ ಅದರ ಬೆನ್ನು ಬಿದ್ದವು. ಡಿಸೆಂಬರ್ 25ರಂದು ಅರಿವಳಿಕೆ ಕೊಟ್ಟು ಹಿಡಿದು ವಾಪಸ್ ತಂದರು. ಪೆಟ್ಟಿಗೆಯೊಳಗೆ ಮಲಗಿಸಿ ಒಯ್ದರೂ ತವರಿನ ದಿಕ್ಕು ಮರೆಯದ ಈ ವಿದ್ಯೆಯ ಬಗ್ಗೆ ನನಗೆ ಹೊಟ್ಟೆಕಿಚ್ಚು. ಬೆಂಗಳೂರಲ್ಲಿ ಮೂರು ತಿರುವು ದಾಟಿದರೆ ನನಗೆ ಮೂಡಣ ಯಾವುದೆಂದು ತಿಳಿಯುವುದಿಲ್ಲ.

ಪರಿಹಾರ ಪುಸ್ತಕದಲ್ಲಿ ಇರಲಿಲ್ಲ. ಭೋಪಾಲದ ಮೃಗಾಲಯದಿಂದ ಹೆಣ್ಣುಹುಲಿಯ ಮೂತ್ರ ತರಿಸಿ ಕಾಡಿನಲ್ಲಿ ಚಿಮುಕಿಸಿದರು. ಇಲ್ಲಿ ಹೆಣ್ಣಿದೆ ಎಂದು ಮೂಗಿಗೆ ತಿಳಿದ ಮೇಲೆ ಅಳಿಯ ನಿಂತ. 2010ರ ಏಪ್ರಿಲಿನಲ್ಲಿ ಮರಿಗಳು. ಪನ್ನಾ ಮತ್ತೆ ಹುಲಿಯ ಕಾಡಾಯಿತು. ಹಾಗಾಗಿ ಹೆಲಿಕಾಪ್ಟರ್ ಗೊತ್ತುಮಾಡುವ ಮುನ್ನ, ಯಾವ ವಾಸನೆ ಪ್ರಾಣಿಗೆ ಮನೆ ಎನಿಸುತ್ತದೆ ಎಂದು ಬಲ್ಲವನನ್ನು ಹುಡುಕಿಕೊಳ್ಳಿ.

ಸ್ಥಳ ಸಿದ್ಧತೆ ಮತ್ತು ವಾರಂಟಿ

ಈ ಪುಟ ಮೊದಲೇ ಬರಬೇಕಿತ್ತು. ಎಲ್ಲ ಕೈಪಿಡಿಗಳಲ್ಲೂ ಇದು ಕೊನೆಗೇ ಬರುತ್ತದೆ, ಸಣ್ಣ ಅಕ್ಷರದಲ್ಲಿ. ಕುನೊ ಕಾಡನ್ನು ಸಜ್ಜು ಮಾಡಿದ್ದು ಚೀತಾಗಲ್ಲ, ಗುಜರಾತಿನ ಗಿರ್ ಸಿಂಹಗಳಿಗೆ. ಒಂದೇ ಕಡೆ ಇದ್ದರೆ ಒಂದು ರೋಗ ಬಂದರೂ ಸಾಕು, ಕುಲವೇ ಹೋದೀತೆಂಬ ಭಯದಿಂದ ಅವಕ್ಕೆ ಎರಡನೇ ಮನೆ ಹುಡುಕಿದ್ದರು. ಅದಕ್ಕಾಗಿ 24 ಹಳ್ಳಿಗಳ 1,500ಕ್ಕೂ ಹೆಚ್ಚು ಕುಟುಂಬಗಳು, ಬಹುಪಾಲು ಸಹರಿಯಾ ಬುಡಕಟ್ಟಿನವರು, ಮನೆ ಬಿಟ್ಟು ಹೊರಗೆ ಬಂದರು. ಅವರಿಗೂ ತವರಿನ ದಿಕ್ಕು ಗೊತ್ತಿತ್ತು. 2013ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಸಿಂಹಗಳನ್ನು ಆರು ತಿಂಗಳೊಳಗೆ ಕಳಿಸಿ ಎಂದಿತು. ಒಂದು ಸಿಂಹವೂ ಕುನೊಗೆ ಬಂದಿಲ್ಲ.