ಆರ್ಕೆಸ್ಟ್ರಾ ಮೇಷ್ಟ್ರ ಸ್ವಂತ ಹಾಡು

ನವೆಂಬರ್ ತಿಂಗಳಲ್ಲಿ ಆರ್ಕೆಸ್ಟ್ರಾ ಮೇಷ್ಟ್ರನ್ನು ಮನೆಯಲ್ಲಿ ಹುಡುಕುವವನು ಊರಿಗೆ ಹೊಸಬನೇ ಇರಬೇಕು. ನಾಡಿಗೆಲ್ಲ ರಾಜ್ಯೋತ್ಸವ ಒಂದನೇ ತಾರೀಖು. ಇವರಿಗೆ ಮೂವತ್ತು ದಿನವೂ. ಬಿಳಿ ಪ್ಯಾಂಟು, ಬಿಳಿ ಬೂಟು, ಮಿಣಮಿಣ ಕೋಟು, ಕತ್ತಿಗೆ ಮಫ್ಲರು. ಮಫ್ಲರು ಚಳಿಗಲ್ಲ. ಅದರೊಳಗಿರುವುದು ಅಣ್ಣಾವ್ರ ಕಂಠ. ಮನೆಯ ಒಲೆ ಉರಿಯುವುದು ಅದರಿಂದಲೇ.

ಅಣ್ಣಾವ್ರ ಕಂಠವೆಂದರೆ ಮೇಷ್ಟ್ರ ಲೆಕ್ಕದಲ್ಲಿ ಎರಡು. 1974ರ ‘ಸಂಪತ್ತಿಗೆ ಸವಾಲ್’ಗಿಂತ ಹಿಂದಿನ ಹಾಡಾದರೆ ಬಹುಪಾಲು ಪಿ.ಬಿ. ಶ್ರೀನಿವಾಸ್ ದನಿ: ಕಣ್ಣು ಅರೆ ಮುಚ್ಚಿ, ಹೊಟ್ಟೆಯೊಳಗಿಂದ ಮೆಲ್ಲಗೆ. ಆಮೇಲಿನದಾದರೆ ಖುದ್ದು ರಾಜ್‌ಕುಮಾರ್ ದನಿ: ಮೂಗೂ ದುಡಿಯಬೇಕು, ಬಲಗೈಯೂ ಮೇಲೇಳಬೇಕು. ಯಾವ ಹಾಡಿಗೆ ಯಾವ ಗಂಟಲು ಎಂಬುದರಲ್ಲಿ ಅವರು ಇದುವರೆಗೆ ಎಡವಿಲ್ಲ.

ಇಂಥವರ ತಂಡಕ್ಕೆ ಈಚೆಗೆ ಒಬ್ಬ ಗಿಟಾರ್ ಹುಡುಗ ಸೇರಿಕೊಂಡ. ಇಂಜಿನಿಯರಿಂಗ್ ಓದು, ಹೆಗಲುದ್ದದ ಕೂದಲು. ಬಂದ ವಾರಕ್ಕೇ ಶುರು ಮಾಡಿದ: “ಮೇಷ್ಟ್ರೇ, ಎಷ್ಟು ದಿನ ಅಂತ ಕಂಡವರ ಹಾಡು? ನಮ್ಮದೇ ಮಾಡೋಣ. ಬೀಟಲ್ಸ್ ನೋಡಿ.”

ಮೇಷ್ಟ್ರು ಮಗಳ ಮೊಬೈಲಿನಲ್ಲಿ ಬೀಟಲ್ಸ್ ನೋಡಿದರು. ಮಾರನೆಯ ದಿನ ವ್ಯಾನಿನಲ್ಲಿ ಉತ್ತರ ಬಂತು. “ಲೋ ಮಗಾ, 1963ರಲ್ಲಿ ಅವರ ಮೊದಲನೇ ಆಲ್ಬಮ್ಮು. ಹದಿನಾಲ್ಕು ಹಾಡು, ಅದರಲ್ಲಿ ಆರು ಬೇರೆಯವರದು. ಅದಕ್ಕೂ ಮುಂಚೆ ಜರ್ಮನಿಯ ಹ್ಯಾಂಬರ್ಗಿನಲ್ಲಿ ರಾತ್ರಿಯೆಲ್ಲ ಕಂಡವರ ಹಾಡೇ ಹಾಡಿದ್ದಾರೆ. ಅಲ್ಲೂ ಗಣೇಶ ಕೂರಿಸ್ತಿದ್ರು ಅಂತ ಕಾಣ್ತದೆ.”

ನಕಲು ಸುಲಭ ಎಂದು ಯಾರಾದರೂ ಅಂದರೆ ಮಾತ್ರ ಮೇಷ್ಟ್ರಿಗೆ ನಿಜಕ್ಕೂ ಸಿಟ್ಟು. “ಸ್ವಂತ ಹಾಡಿನಲ್ಲಿ ತಪ್ಪಿದರೆ ಯಾರಿಗೆ ಗೊತ್ತಾಗ್ತದೆ? ಹೊಸ ಥರ ಸಂಗೀತ ಅಂದ್ಕೋತಾರೆ. ‘ಆಕಸ್ಮಿಕ’ದ ಜಟಕಾ ಬಂಡಿ ಹಾಡಲ್ಲಿ ಒಂದು ಬಿಟ್ ಬಿಟ್ಟು ನೋಡು, ಮುಂದಿನ ಸಾಲಿನ ಹೈಕ್ಳು ಬಾಯಲ್ಲೇ ನುಡಿಸಿ ತೋರಿಸ್ತಾರೆ.” ಮಾತು ಸುಳ್ಳಲ್ಲ. ಹಂಸಲೇಖ 1993ರಲ್ಲಿ ಕೊಟ್ಟ ಆ ಹಾಡು ಪ್ರತಿ ನವೆಂಬರಿನಲ್ಲೂ ಬೀದಿಬೀದಿಯಲ್ಲಿ ಪರೀಕ್ಷೆಗೆ ಕೂರುತ್ತದೆ, ಪರೀಕ್ಷಕರು ಸಾವಿರ.

ಮತ್ತೆ ಚೀಟಿಗಳು. ವೇದಿಕೆಗೆ ಕೈಯಿಂದ ಕೈಗೆ ಬರುವ ಚೀಟಿಗಳಲ್ಲಿ ಗೆಳೆಯರ ಬಳಗದ ಅಧ್ಯಕ್ಷರ ಕೋರಿಕೆ ಇರುತ್ತದೆ, ಅವರ ಬಾಮೈದನ ಕೋರಿಕೆ ಇರುತ್ತದೆ, ‘ಪ್ರೇಮಲೋಕ’ದ್ದು ಬೇಕು ಎಂದು ಹೆಸರು ಬರೆಯದ ಒಬ್ಬರ ಕೋರಿಕೆ ಇದ್ದೇ ಇರುತ್ತದೆ. “ಮೇಷ್ಟ್ರೇ, ನಿಮ್ಮದೊಂದು ಹಾಡಿ” ಎಂಬ ಚೀಟಿ ಈ ತನಕ ಬಂದಿಲ್ಲ. ಜನರನ್ನೂ ದೂರುವಂತಿಲ್ಲ ಅನ್ನಿ. ದಿನವೆಲ್ಲ ದುಡಿದು ಬಂದವರು ಗೊತ್ತಿರುವ ಪಲ್ಲವಿಗೆ ಶಿಳ್ಳೆ ಹೊಡೆಯಲು ಕಾದಿರುತ್ತಾರೆ. ಗೊತ್ತಿಲ್ಲದ ಪಲ್ಲವಿ ಎತ್ತಿದರೆ ಎದ್ದು ಬೋಂಡಾ ಗಾಡಿಯತ್ತ ನಡೆಯುತ್ತಾರೆ. ಹೊಸ ಹಾಡಿನಿಂದ ಖಚಿತವಾದ ಲಾಭ ಬೋಂಡಾದವನಿಗೊಬ್ಬನಿಗೇ.

ಹಾಗೆಂದು ಮೇಷ್ಟ್ರಲ್ಲಿ ಸ್ವಂತ ಹಾಡಿಲ್ಲವೆಂದಲ್ಲ. ಹಾರ್ಮೋನಿಯಂ ಪೆಟ್ಟಿಗೆಯ ಅಡಿಯಲ್ಲಿ ಒಂದು ನೋಟ್‌ಬುಕ್ಕಿದೆ, ಹೆಂಡತಿಗೂ ತೋರಿಸಿಲ್ಲ. ಹೋದ ರಾಜ್ಯೋತ್ಸವದಲ್ಲಿ, ಹುಡುಗನ ಕಾಟ ತಾಳಲಾರದೆ, ಅದರಿಂದ ಒಂದನ್ನು ಹಾಡಿಯೇಬಿಟ್ಟರು. ಮೈಕಿನಲ್ಲಿ ಹೇಳಿದ್ದು ಮಾತ್ರ, “ಈಗ ಅಣ್ಣಾವ್ರ ಬಲು ಅಪರೂಪದ ಗೀತೆ.”

ಶಿಳ್ಳೆಯೋ ಶಿಳ್ಳೆ. ಒನ್ಸ್ ಮೋರ್ ಕೂಡ ಆಯಿತು. ಬೋಂಡಾದವನ ಹತ್ತಿರ ನೊಣವಿಲ್ಲ.

ಕಾರ್ಯಕ್ರಮ ಮುಗಿದು ವೈರು ಸುತ್ತುತ್ತಿದ್ದಾಗ ಪಂಚೆಯುಟ್ಟ ಹಿರಿಯರೊಬ್ಬರು ವೇದಿಕೆ ಹತ್ತಿ ಬಂದು ಮೇಷ್ಟ್ರ ಕೈ ಹಿಡಿದುಕೊಂಡರು. “ಆ ಪಿಚ್ಚರ್ ನಾನು ಟೆಂಟಲ್ಲಿ ನಾಕು ಸಲ ನೋಡಿವ್ನಿ ಮೇಷ್ಟ್ರೇ. ಚೆನ್ನಾಗೇ ಹಾಡುದ್ರಿ. ಆದ್ರೆ ಎರಡನೇ ಚರಣ ಅಣ್ಣಾವ್ರು ಹಂಗೆ ಹಾಡಿಲ್ಲ. ಇನ್ನೊಂದ್ಸಲ ಸರಿಯಾಗಿ ಕಲ್ತ್ಕೊಂಡು ಬನ್ನಿ.”